ಮುನ್ನ, ಆದರೆ, ಮಾತ್ರ: ನಾನು ಕೇಳಿಸಿಕೊಳ್ಳುವುದನ್ನು ಕಲಿತ ಬಗೆ

2017ರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ತಿಪಟೂರಿನಿಂದ ಬೆಂಗಳೂರಿನ ಪೀಣ್ಯಕ್ಕೆ ಕೆಲಸ ಹುಡುಕಿಕೊಂಡು ಬಂದಾಗ ನನ್ನ ಚೀಲದಲ್ಲಿ ಅಂಕಪಟ್ಟಿಗಳ ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಸಂದರ್ಶನದಲ್ಲಿ ಬರಬಹುದಾದ ಪ್ರಶ್ನೆಗಳನ್ನು ಹಿರಿಯ ವಿದ್ಯಾರ್ಥಿಗಳಿಂದ ತಿಳಿದುಕೊಂಡು, ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಉತ್ತರ ಬರೆದು, ಎಲ್ಲವನ್ನೂ ಬಾಯಿಪಾಠ ಮಾಡಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷಿನಲ್ಲಿ ತಡವರಿಸದೆ ಮಾತನಾಡುವುದೇ ಎಲ್ಲಕ್ಕಿಂತ ದೊಡ್ಡ ಕಷ್ಟವಾಗಿ ಕಂಡಿತ್ತು. ಎದುರಿಗಿರುವವರ ಮಾತನ್ನು ಕೇಳಿಸಿಕೊಳ್ಳುವುದನ್ನೂ ಕಲಿಯಬೇಕಾಗುತ್ತದೆ ಎಂಬ ಯೋಚನೆ ನನಗೂ ಬಂದಿರಲಿಲ್ಲ, ನನ್ನನ್ನು ತಯಾರು ಮಾಡಿದವರಿಗೂ ಬಂದಿರಲಿಲ್ಲ.

ಮೊದಲ ಮೂರು ಸಂದರ್ಶನಗಳಲ್ಲಿ ನಾನು ಆಯ್ಕೆಯಾಗಲಿಲ್ಲ. ಅವುಗಳಲ್ಲಿ ಎರಡನೆಯದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪ್‌ನಲ್ಲಿ ಗುಣಮಟ್ಟ ಪರೀಕ್ಷಕರ ಹುದ್ದೆಗೆ ಕರೆದಿದ್ದರು. ಸಂದರ್ಶನ ಮಾಡಿದ ಹಿರಿಯರು ಮೇಜಿನ ಮೇಲೆ ಉಕ್ಕಿನ ಒಂದು ಬುಷ್, ಅಂದರೆ ಟೊಳ್ಳು ಕೊಳವೆಯಂಥ ಬಿಡಿಭಾಗ, ಇಟ್ಟು, ಪಕ್ಕದಲ್ಲಿ ಅದರ ಡ್ರಾಯಿಂಗ್ ಹರಡಿದರು. ಬೋರ್‌ನ ಅಳತೆ 25 ಎಚ್‌7 ಎಂದಿತ್ತು. ಅಂದರೆ ಆ ರಂಧ್ರದ ವ್ಯಾಸ 25 ಮಿಲಿಮೀಟರಿಗಿಂತ ಸ್ವಲ್ಪವೂ ಕಡಿಮೆ ಇರಕೂಡದು. ಹೆಚ್ಚಿದ್ದರೆ 21 ಮೈಕ್ರಾನ್ ಮೀರಕೂಡದು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಈ ಬೋರ್ ಅನ್ನು ಅಳೆಯುವ ಮುನ್ನ ಏನೇನು ನೋಡಿಕೊಳ್ಳುತ್ತೀರಿ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ‘ಬೋರ್’, ‘ಅಳೆಯುವುದು’ ಎಂಬ ಎರಡು ಪದಗಳು ಕಿವಿಗೆ ಬಿದ್ದದ್ದೇ ತಡ, ನೋಟ್‌ಬುಕ್ಕಿನ ಹದಿನೇಳನೆಯ ಪುಟ ನನ್ನ ಬಾಯಿಂದ ಹೊರಡತೊಡಗಿತು. ವರ್ನಿಯರ್ ಮಾಪಕದ 50 ಭಾಗಗಳು ಮುಖ್ಯ ಮಾಪಕದ 49 ಭಾಗಗಳಿಗೆ ಸಮವಾಗುವುದನ್ನೂ, ಆದ್ದರಿಂದ ಅದರಲ್ಲಿ ಅಳೆಯಬಹುದಾದ ಅತಿ ಚಿಕ್ಕ ಅಳತೆ 0.02 ಮಿಲಿಮೀಟರ್ ಎಂಬುದನ್ನೂ ನಾನು ಒಂದೇ ಉಸಿರಿನಲ್ಲಿ ವಿವರಿಸಿದೆ.

ಅವರು ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿಸಿಕೊಂಡು, ಆಮೇಲೆ ಕನ್ನಡದಲ್ಲಿ ಹೇಳಿದರು: “ನೋಡಮ್ಮಾ, ನೀನು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಹೇಗೆ ಅಳೀತೀಯ ಅಂತ ನಾನು ಕೇಳಲಿಲ್ಲ. ಅಳೆಯೋದಕ್ಕೆ ಮುಂಚೆ ಏನು ನೋಡ್ತೀಯ ಅಂತ ಕೇಳಿದ್ದು.”

ಅವರಿಗೆ ಬೇಕಿದ್ದ ಉತ್ತರ ನನಗೆ ಗೊತ್ತಿರದ ವಿಷಯವೇನೂ ಆಗಿರಲಿಲ್ಲ. ಎಣ್ಣೆ ಮತ್ತು ಲೋಹದ ಚೂರುಗಳನ್ನು ಒರೆಸಬೇಕು, ಅಂಚಿನಲ್ಲಿ ಬರ್, ಅಂದರೆ ಲೋಹ ಕತ್ತರಿಸುವಾಗ ಉಳಿಯುವ ಚೂಪು ಮುಳ್ಳು, ಇದೆಯೇ ಎಂದು ನೋಡಬೇಕು, ಉಪಕರಣ ಸರಿಯಾಗಿ ಅಳೆಯುತ್ತದೆಯೆಂದು ಪರೀಕ್ಷಿಸಿ ಅಂಟಿಸಿದ ಕ್ಯಾಲಿಬ್ರೇಷನ್ ಚೀಟಿಯ ದಿನಾಂಕ ದಾಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಸೊನ್ನೆ ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು, ಎಲ್ಲಕ್ಕಿಂತ ಮುಖ್ಯವಾಗಿ ವಸ್ತುವೂ ಉಪಕರಣವೂ ಒಂದೇ ಉಷ್ಣತೆಗೆ ಬಂದಿರಬೇಕು. ಅಳತೆಗಳಿಗೆ 20 ಡಿಗ್ರಿ ಸೆಲ್ಸಿಯಸ್ ಜಗತ್ತಿಡೀ ಒಪ್ಪಿರುವ ಮಾನಕ ಉಷ್ಣತೆ ಎಂಬುದನ್ನು ಎರಡನೆಯ ವರ್ಷದಲ್ಲೇ ಓದಿದ್ದೆ. ಉತ್ತರ ನನ್ನಲ್ಲಿತ್ತು. ಪ್ರಶ್ನೆಯೇ ನನ್ನೊಳಗೆ ಬಂದಿರಲಿಲ್ಲ.

ಆ ಸಂಜೆ ದಾಸರಹಳ್ಳಿಯ ಪಿ.ಜಿ. ಕೋಣೆಯಲ್ಲಿ ಕುಳಿತು, ಆ ದಿನ ಕೇಳಿದ ಪ್ರಶ್ನೆಗಳನ್ನೆಲ್ಲ ನೋಟ್‌ಬುಕ್ಕಿನ ಎಡಪುಟದಲ್ಲಿಯೂ ನಾನು ಕೊಟ್ಟ ಉತ್ತರಗಳನ್ನು ಬಲಪುಟದಲ್ಲಿಯೂ ಬರೆಯಲು ಹೊರಟೆ. ಬಲಪುಟ ಬೇಗನೆ ತುಂಬಿತು. ಎಡಪುಟದಲ್ಲಿ ಬೋರ್, ಟಾಲರೆನ್ಸ್, ರಿಜೆಕ್ಷನ್, ಮನೆಯ ವಿಚಾರ ಎಂಬ ಬಿಡಿ ಪದಗಳ ಹೊರತು ಪೂರ್ತಿಯಾದ ಒಂದು ವಾಕ್ಯವನ್ನೂ ಬರೆಯಲು ನನ್ನಿಂದ ಆಗಲಿಲ್ಲ. ಇಪ್ಪತ್ತು ನಿಮಿಷ ಒಬ್ಬ ಮನುಷ್ಯರ ಎದುರು ಕುಳಿತು, ಅವರ ಒಂದು ವಾಕ್ಯವನ್ನೂ ಇಡಿಯಾಗಿ ಕೇಳಿಸಿಕೊಳ್ಳದೆ ಎದ್ದು ಬಂದಿದ್ದೆ ಎಂಬುದು ಆ ಖಾಲಿ ಪುಟ ನೋಡಿದಾಗ ತಿಳಿಯಿತು. ಆ ಪುಟವನ್ನು ನಾನು ಹರಿಯಲಿಲ್ಲ. ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ.

ಹೀಗೇಕಾಯಿತು ಎಂದು ಆಮೇಲಿನ ವಾರಗಳಲ್ಲಿ ಬಹಳ ಯೋಚಿಸಿದೆ. ಇಂಗ್ಲಿಷಿನ ಪ್ರಶ್ನೆಯ ಮೊದಲರ್ಧವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ ಉಳಿದರ್ಧ ಮುಗಿದು ಹೋಗುತ್ತಿತ್ತು ಎಂಬುದು ನಿಜ. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಮಂದಿಗೆ ಇದು ಪರಿಚಿತವಾದ ಸಂಕಟ. ಅದಕ್ಕಿಂತ ಹೆಚ್ಚಿನ ಅಡ್ಡಿ ನನ್ನ ತಯಾರಿಯೇ ಆಗಿತ್ತು ಎಂದು ಈಗ ಅನ್ನಿಸುತ್ತದೆ. ಉತ್ತರಗಳನ್ನು ಕಂಠಪಾಠ ಮಾಡಿದವಳಿಗೆ ಪ್ರಶ್ನೆಯಲ್ಲಿ ಬೇಕಾದದ್ದು ಯಾವ ಉತ್ತರ ಶುರುಮಾಡಬೇಕು ಎಂಬ ಗುರುತಿನ ಪದವೊಂದೇ. ಆ ಪದ ಸಿಕ್ಕ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಕಾರಣ ನಾವು ಬೆಳೆದ ರೀತಿಯಲ್ಲಿದೆ. ದೊಡ್ಡವರು ಹೇಳಿದ್ದನ್ನು ಮತ್ತೊಮ್ಮೆ ಕೇಳಿದರೆ ಎದುರು ಮಾತನಾಡಿದಂತೆ, ಅರ್ಥವಾಗದಿದ್ದರೂ ತಲೆಯಾಡಿಸಿ ‘ಸರಿ ಸಾರ್’ ಎನ್ನುವುದೇ ವಿನಯ ಎಂದು ನನ್ನಂಥವರು ಮನೆಯಲ್ಲೂ ಶಾಲೆಯಲ್ಲೂ ಕಲಿತಿರುತ್ತೇವೆ. ಚಿಕ್ಕಂದಿನಲ್ಲಿ ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವ ಕೆಲಸ ನನ್ನದಾಗಿತ್ತು. ನನ್ನ ಹೂಂಕಾರ ಬರಿದಾಗಿದೆ ಎಂದು ಅನುಮಾನ ಬಂದ ಕ್ಷಣ ಅವರು ಕಥೆ ನಿಲ್ಲಿಸಿ “ಎಲ್ಲಿಗೆ ಬಂದಿದ್ದೆ, ಹೇಳು ನೋಡೋಣ” ಎನ್ನುತ್ತಿದ್ದರು. ಸಂದರ್ಶನದ ಕೋಣೆಯಲ್ಲಿ ಹಾಗೆ ತಡೆದು ಕೇಳುವ ಅಜ್ಜಿ ಇರುವುದಿಲ್ಲ.

ನಮ್ಮ ಭಾಷೆಯಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದ ಎರಡು ಕೆಲಸ ಮಾಡುತ್ತದೆ ಎಂಬುದನ್ನು ನಾನು ಗಮನಿಸಿದ್ದು ಆ ದಿನಗಳಲ್ಲಿಯೇ. ಮಾತು ಕೇಳುವುದೂ ಅದೇ, ಪ್ರಶ್ನೆ ಕೇಳುವುದೂ ಅದೇ. ಹುಟ್ಟಿದಾಗಿನಿಂದ ಬಳಸಿದ ಪದವಾದರೂ, ಅವೆರಡೂ ಒಂದೇ ಕೆಲಸದ ಎರಡು ಪಾಲುಗಳು ಎಂದು ನನಗೆ ಹೊಳೆದಿರಲಿಲ್ಲ. ತಿಳಿಯದ್ದನ್ನು ತಿರುಗಿ ಕೇಳುವ ಧೈರ್ಯವಿಲ್ಲದವರು ಹೇಳಿದ್ದನ್ನೂ ಪೂರ್ತಿ ಕೇಳಲಾರರು. ಏಕೆಂದರೆ ಅರ್ಥವಾಗದ ಒಂದು ಪದ ಬಂದೊಡನೆ ಅವರ ಗಮನವೆಲ್ಲ ಆ ಕೊರತೆಯನ್ನು ಮುಚ್ಚಿಕೊಳ್ಳುವ ಕಡೆಗೆ ಹರಿದುಬಿಡುತ್ತದೆ.

ಕೋಣೆಯಲ್ಲಿ ನನ್ನ ಜೊತೆಗಿದ್ದ ಗೆಳತಿ ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿದ್ದಳು. ಅವಳ ಸಹಾಯದಿಂದ ಅಭ್ಯಾಸ ಶುರುವಾಯಿತು. ಅವಳು ಒಂದು ಪ್ರಶ್ನೆಯನ್ನು ಒಂದೇ ಸಲ ಓದಬೇಕು. ನಾನು ಉತ್ತರ ಕೊಡುವುದಕ್ಕೆ ಮೊದಲು ಆ ಪ್ರಶ್ನೆಯನ್ನು ನನ್ನ ಮಾತಿನಲ್ಲಿ ಹೇಳಬೇಕು. ಅವಳು ಹೌದು ಎಂದ ಮೇಲಷ್ಟೇ ಉತ್ತರ. ಮೊದಲ ರಾತ್ರಿಯ ಅಭ್ಯಾಸವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆವು. ಮರುದಿನ ಅದನ್ನು ಹಾಕಿ ಕೇಳಿದಾಗ, ಹನ್ನೆರಡು ಪ್ರಶ್ನೆಗಳಲ್ಲಿ ಏಳಕ್ಕೆ ಅವಳ ಮಾತು ಮುಗಿಯುವ ಮುನ್ನವೇ ನನ್ನ ದನಿ ಶುರುವಾಗಿತ್ತು. ಅವಳು ‘ಯಾವಾಗ’ ಎಂದು ಕೇಳಿದ್ದನ್ನು ನಾನು ‘ಹೇಗೆ’ ಎಂದೂ, ‘ಯಾವ ಸಂದರ್ಭದಲ್ಲಿ ಮಾಡುವುದಿಲ್ಲ’ ಎಂದದ್ದನ್ನು ‘ಯಾವ ಸಂದರ್ಭದಲ್ಲಿ ಮಾಡುತ್ತೀರಿ’ ಎಂದೂ ತಿರುಗಿ ಹೇಳಿದ್ದೆ. ಪ್ರಶ್ನೆ ಮುಗಿದ ಮೇಲೆ ಒಂದು ಉಸಿರು ಪೂರ್ತಿ ಎಳೆದು ಬಿಡುವವರೆಗೆ ಸುಮ್ಮನಿರಬೇಕೆಂಬ ಇನ್ನೊಂದು ನಿಯಮವನ್ನು ಆಗ ಸೇರಿಸಿಕೊಂಡೆವು. ಆ ಮೌನ ನನಗೆ ಅಸಹನೀಯವಾಗಿ ದೀರ್ಘವೆನ್ನಿಸುತ್ತಿತ್ತು. ಧ್ವನಿಮುದ್ರಣದಲ್ಲಿ ಎಣಿಸಿ ನೋಡಿದರೆ ಅದು ಮೂರು ಸೆಕೆಂಡನ್ನೂ ದಾಟುತ್ತಿರಲಿಲ್ಲ.

ಬೆಳಗ್ಗೆ ಆಕಾಶವಾಣಿಯ ಕನ್ನಡ ವಾರ್ತೆ, ಆಮೇಲೆ ಇಂಗ್ಲಿಷ್ ವಾರ್ತೆ ಕೇಳಿ, ಮುಗಿದ ನಂತರ ನೆನಪಿನಿಂದ ಬರೆಯುವ ಅಭ್ಯಾಸವನ್ನೂ ಇಟ್ಟುಕೊಂಡೆ. ಹೆಸರುಗಳೂ ಅಂಕಿಗಳೂ ಮೊದಲ ದಿನದಿಂದಲೇ ನೆನಪಿನಲ್ಲಿ ಉಳಿದವು. ಜಾರಿ ಹೋಗುತ್ತಿದ್ದದ್ದು ‘ಆದರೆ’, ‘ಮಾತ್ರ’, ‘ಇಲ್ಲದಿದ್ದರೆ’, ‘ಮುನ್ನ’, ‘ಹೊರತು’ ಎಂಬ ಸಣ್ಣ ಪದಗಳು. ಒಂದು ಯೋಜನೆಗೆ ಇಷ್ಟು ಹಣ ಎಂದು ಬರೆದಿರುತ್ತಿದ್ದೆ. ಸಂಪುಟದ ಒಪ್ಪಿಗೆ ಸಿಕ್ಕ ನಂತರ ಮಾತ್ರ ಎಂಬುದು ಬಿಟ್ಟು ಹೋಗಿರುತ್ತಿತ್ತು. ಮಾತಿನ ಭಾರವೆಲ್ಲ ಇರುವುದು ಈ ಸಣ್ಣ ಪದಗಳ ಮೇಲೆ ಎಂದು ಮನದಟ್ಟಾದ ಮೇಲೆ, ದೊಡ್ಡ ಪದಗಳನ್ನು ತಾವಾಗಿ ಬರಲು ಬಿಟ್ಟು ಸಣ್ಣ ಪದಗಳಿಗಾಗಿ ಕಾಯುವುದನ್ನು ರೂಢಿಸಿಕೊಂಡೆ. ಸುಮಾರು ಆರು ವಾರಗಳಲ್ಲಿ ಎಡಪುಟ ತುಂಬತೊಡಗಿತು.

ನಾಲ್ಕನೆಯ ಸಂದರ್ಶನದಲ್ಲಿ ಇಬ್ಬರಿದ್ದರು. ಅವರಲ್ಲಿ ಒಬ್ಬರು ಉದ್ದನೆಯ ಪ್ರಶ್ನೆಯೊಂದನ್ನು ಕೇಳಿದರು: 500 ಬಿಡಿಭಾಗಗಳನ್ನು ಕಳುಹಿಸಿದ್ದೇವೆ, ಗ್ರಾಹಕರು ಹತ್ತನ್ನು ಅಳತೆ ಸರಿಯಿಲ್ಲವೆಂದು ಹಿಂದಿರುಗಿಸಿದ್ದಾರೆ, ನಮ್ಮ ಉಪಕರಣದಲ್ಲಿ ಅಳೆದರೆ ಹತ್ತೂ ಸರಿಯಾಗಿವೆ, ಆಗ ಮೊದಲು ಏನು ಮಾಡುತ್ತೀರಿ? ನಾನು ಉಸಿರೆಳೆದುಕೊಂಡು, “ನಮ್ಮ ಅಳತೆಗೂ ಅವರ ಅಳತೆಗೂ ವ್ಯತ್ಯಾಸ ಬರುತ್ತಿದೆ, ನೀವು ಕೇಳುತ್ತಿರುವುದು ಪೂರ್ತಿ ಕ್ರಮವನ್ನಲ್ಲ, ಮೊದಲ ಹೆಜ್ಜೆಯನ್ನು ಮಾತ್ರ, ಅಲ್ಲವೇ ಸಾರ್?” ಎಂದು ಕೇಳಿದೆ. ಅವರು ಹೌದೆಂದರು. ಗ್ರಾಹಕರು ಯಾವ ಉಪಕರಣದಿಂದ, ಬೋರ್‌ನ ಯಾವ ಆಳದಲ್ಲಿ, ಎಂಥ ಸ್ಥಿತಿಯಲ್ಲಿ ಅಳೆದರು ಎಂದು ಮೊದಲು ಅವರನ್ನೇ ವಿಚಾರಿಸುತ್ತೇನೆ ಎಂದೆ. ನಡುವೆ ಅವರು ಬಳಸಿದ ಒಂದು ಸಂಕ್ಷೇಪ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲವೆಂದೇ ಹೇಳಿದೆ, ಅವರು ವಿವರಿಸಿದರು, ಸಂದರ್ಶನ ಮುಂದುವರಿಯಿತು. ವಾರದೊಳಗೆ ಆ ಕೆಲಸ ನನ್ನದಾಯಿತು.

ಇಲ್ಲಿಗೆ ಕಲಿಕೆ ಮುಗಿಯಿತೆಂದು ನಾನು ತಿಳಿದದ್ದು ತಪ್ಪಾಗಿತ್ತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷದಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ವಿವರವಾಗಿಯೇ ಹೇಳಬೇಕು. ನಮ್ಮಲ್ಲಿ ಅಲ್ಯೂಮಿನಿಯಂ ಹೌಸಿಂಗ್‌ಗಳು, ಅಂದರೆ ಬೇರಿಂಗ್ ಹಿಡಿದಿಡುವ ಕವಚಗಳು, ತಯಾರಾಗುತ್ತಿದ್ದವು. ಅದರ ಮುಖ್ಯ ಬೋರ್ 80 ಎಚ್‌7. ವ್ಯಾಸ 80 ಮಿಲಿಮೀಟರಿನಿಂದ 80.030ರ ಒಳಗಿರಬೇಕು, ಅದರಲ್ಲಿ ಬೇರಿಂಗ್ ಕೂರುತ್ತದೆ. ಒಂದು ಬೆಳಗ್ಗೆ ರಾತ್ರಿ ಪಾಳಿಯ ಆಪರೇಟರ್ ನನಗೆ ಪಾಳಿ ಒಪ್ಪಿಸುತ್ತಿದ್ದರು. ಅವರು ಗದಗದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಹಿರಿಯರು, ಹುದ್ದೆಯಲ್ಲಿ ಕಿರಿಯರು. ನಾವು ನಿಂತಿದ್ದದ್ದು ಕಂಪ್ರೆಸರ್ ಪಕ್ಕದಲ್ಲಿ. ಸರಕು ಒಯ್ಯುವ ವಾಹನ ಹೊರಗೆ ಕಾಯುತ್ತಿತ್ತು.

“ಅರವತ್ನಾಲ್ಕ್ ಪೀಸ್ ಆಗ್ಯಾವ್ರಿ ಅಕ್ಕಾರ, ಹದಿನೆಂಟ್ ಮೈಕ್ರಾನ್ ಬಂದೈತಿ. ಆದ್ರ ಕಡೀ ಲಾಟ್ ವಾಷಿಂಗ್‌ನಿಂದ ತಗದ ಕೂಡ್ಲೇ ಅಳದದ್ದೈತ್ರಿ, ಒಮ್ಮೆ ಮತ್ತ ನೋಡ್ರಿ.”

ಈ ಮಾತನ್ನು ಅವರು ಹೀಗೆಯೇ ಹೇಳಿದ್ದರೆಂದು ನನಗೆ ತಿಳಿದದ್ದು ಆಮೇಲೆ. ಆಗ ನನಗೆ ಕೇಳಿದ್ದು ‘ಅರವತ್ನಾಲ್ಕು’ ಮತ್ತು ‘ಹದಿನೆಂಟು’ ಎಂಬ ಎರಡು ಅಂಕಿಗಳಷ್ಟೇ. ಮಿತಿ 30 ಇರುವಾಗ 18 ಬಂದರೆ ನಡುಮಧ್ಯದಲ್ಲಿದೆ, ಚಿಂತೆಯಿಲ್ಲ ಎಂದುಕೊಂಡು ‘ಸರಿ, ಸರಿ’ ಎನ್ನುತ್ತಲೇ ರಿಜಿಸ್ಟರಿನ ಕಡೆಗೆ ತಿರುಗಿ ಅಂಕಿಗಳನ್ನು ಬರೆದು ಸಹಿ ಹಾಕಿದೆ. ನಾನು ತಿರುಗಿದ ಹೊತ್ತಿಗೆ ಅವರು ‘ಆದ್ರ’ ಎಂದಿದ್ದರು.

ವಾಷಿಂಗ್ ಯಂತ್ರದ ಬಿಸಿನೀರಿನಿಂದ ಹೊರಬಂದ ಅಲ್ಯೂಮಿನಿಯಂ ತಣ್ಣಗಾಗಲು ಸಮಯ ಬೇಕು. ಈ ಲೋಹ ಒಂದು ಮೀಟರ್ ಉದ್ದಕ್ಕೆ ಪ್ರತಿ ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 80 ಮಿಲಿಮೀಟರಿನ ಬೋರ್ ಇರಬೇಕಾದದ್ದಕ್ಕಿಂತ 15 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಸುಮಾರು 28 ಮೈಕ್ರಾನ್ ದೊಡ್ಡದಾಗಿ ತೋರುತ್ತದೆ. ಅಂದರೆ ಬಿಸಿಯಲ್ಲಿ 18 ಎಂದು ತೋರಿದ ಬೋರ್ ತಣಿದ ಮೇಲೆ 80ಕ್ಕಿಂತ ಸುಮಾರು 10 ಮೈಕ್ರಾನ್ ಚಿಕ್ಕದಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಜೋಡಣೆ ವಿಭಾಗದಿಂದ ಫೋನ್ ಬಂತು: ಬೇರಿಂಗ್ ಒಳಗೆ ಹೋಗುತ್ತಿಲ್ಲ. ಬೋರ್ ಚಿಕ್ಕದಾಗಿದ್ದರಿಂದ ಮತ್ತೆ ಯಂತ್ರಕ್ಕೆ ಹಾಕಿ ಸರಿಪಡಿಸಲು ಸಾಧ್ಯವಾಯಿತು. ದೊಡ್ಡದಾಗಿದ್ದರೆ ಅಷ್ಟನ್ನೂ ಗುಜರಿಗೆ ಹಾಕಬೇಕಾಗುತ್ತಿತ್ತು. ರಿವರ್ಕ್‌ಗೆ ಎರಡು ದಿನ ಹಿಡಿಯಿತು.

ಸಂಜೆ ಮ್ಯಾನೇಜರ್ ಎದುರು ನಮ್ಮಿಬ್ಬರನ್ನೂ ಕರೆದರು. ಬಿಸಿ ಇದ್ದಾಗ ಅಳೆದದ್ದನ್ನು ಹೇಳಬೇಡವೇ ಎಂದು ಆಪರೇಟರನ್ನು ಕೇಳಿದಾಗ ಅವರು ನನ್ನ ಮುಖ ನೋಡಿದರು, ಏನೂ ಮಾತನಾಡಲಿಲ್ಲ. ಅವರು ಹೇಳಿದ್ದರೋ ಇಲ್ಲವೋ ಎಂದು ನಾನು ನೆನಪಿಸಿಕೊಳ್ಳಲು ಯತ್ನಿಸಿದೆ. ತಿರುಗುವಾಗ ಬೆನ್ನ ಹಿಂದೆ ಏನೋ ಮಾತು ಮುಂದುವರಿದಿದ್ದದ್ದು ಮಸುಕಾಗಿ ನೆನಪಾಯಿತು. “ಅವರು ಹೇಳಿದ್ದರು ಸಾರ್, ನಾನು ಕೇಳಿಸಿಕೊಳ್ಳಲಿಲ್ಲ” ಎಂದೆ. ಹೊರಗೆ ಬಂದ ಮೇಲೆ ಬೆಳಗ್ಗೆ ಏನು ಹೇಳಿದ್ದಿರೆಂದು ಅವರನ್ನು ಕೇಳಿದೆ; ಒಂದಕ್ಷರವೂ ಬಿಡದೆ ತಿರುಗಿ ಹೇಳಿದರು.

ಸಂದರ್ಶನದಲ್ಲಿ ಅಷ್ಟು ಶ್ರಮಪಟ್ಟು ಕಲಿತದ್ದು ಇಲ್ಲೇಕೆ ಕೈಕೊಟ್ಟಿತು ಎಂಬ ಪ್ರಶ್ನೆ ನನ್ನನ್ನು ಆ ಎರಡು ದಿನಗಳ ರಿವರ್ಕ್‌ಗಿಂತ ಹೆಚ್ಚು ಕಾಡಿತು. ಗದ್ದಲ, ಅವಸರ, ಅವರ ಮಾತಿನ ಧಾಟಿ ನನಗೆ ಹೊಸತಾಗಿದ್ದದ್ದು, ಎಲ್ಲವೂ ಕಾರಣಗಳೇ. ಇವೆಲ್ಲಕ್ಕಿಂತ ಒಪ್ಪಿಕೊಳ್ಳಲು ಕಷ್ಟವಾದ ಕಾರಣ ಬೇರೆಯಿತ್ತು. ಕೆಲಸ ಕೊಡುವವರ ಮಾತನ್ನು ಕೇಳುವುದನ್ನು ಕಲಿತಿದ್ದೆ. ನನಗಿಂತ ಕೆಳಗಿನ ಹುದ್ದೆಯಲ್ಲಿದ್ದವರಿಂದ ನನಗೆ ಬೇಕಾದದ್ದು ಅಂಕಿಗಳು ಮಾತ್ರ ಎಂದು ತಿಳಿಯದೆಯೇ ತೀರ್ಮಾನಿಸಿಕೊಂಡಿದ್ದೆ. ಕಿವಿ ಹುದ್ದೆ ನೋಡಿ ತೆರೆದುಕೊಳ್ಳುತ್ತಿತ್ತು. ಇದು ನನ್ನೊಬ್ಬಳ ದೋಷವೆಂದು ನನಗೆ ಅನ್ನಿಸುವುದಿಲ್ಲ. ನಮ್ಮ ಕಚೇರಿಗಳಲ್ಲೂ ಕಾರ್ಖಾನೆಗಳಲ್ಲೂ ಮೇಲಿನವರ ಮಾತಿಗೆ ಸಿಗುವ ಗಮನದ ಅರ್ಧದಷ್ಟೂ ಕೆಳಗಿನವರ ಮಾತಿಗೆ ಸಿಗುವುದಿಲ್ಲ, ಕೆಲಸದ ನಿಜ ಸ್ಥಿತಿ ಮಾತ್ರ ಮೊದಲು ಗೊತ್ತಾಗುವುದು ಅವರಿಗೇ.

1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫೆ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆ ಡಿಕ್ಕಿ ಹೊಡೆದು 583 ಜನ ಸತ್ತದ್ದರ ಬಗ್ಗೆ ನಾನು ಓದಿದ್ದು ಈ ಘಟನೆಯ ನಂತರ. ಮಂಜು ಮುಸುಕಿತ್ತು. ಹೊರಡುತ್ತಿದ್ದೇವೆಂಬಂತೆ ಒಂದು ವಿಮಾನದ ಪೈಲಟ್ ಹೇಳಿದ ಮಾತಿಗೆ ವಿಮಾನ ಸಂಚಾರ ನಿಯಂತ್ರಕರು ‘ಓಕೆ’ ಎಂದು, ಅದರ ಬೆನ್ನಿಗೇ ಕಾಯಿರಿ, ನಾನು ಕರೆಯುತ್ತೇನೆ ಎಂದಿದ್ದರು. ಅದೇ ಕ್ಷಣದಲ್ಲಿ ಇನ್ನೊಂದು ವಿಮಾನದವರೂ ಅದೇ ತರಂಗದಲ್ಲಿ ಮಾತನಾಡಿದ್ದರಿಂದ ‘ಓಕೆ’ಯ ನಂತರದ ಮಾತು ಕರ್ಕಶ ಸದ್ದಿನಲ್ಲಿ ಮುಳುಗಿಹೋಯಿತು. ಅಷ್ಟು ಜನರ ಸಾವಿನ ಪಕ್ಕದಲ್ಲಿ ನನ್ನ 64 ಹೌಸಿಂಗ್‌ಗಳನ್ನು ಇಟ್ಟು ತೂಗುವುದು ಸರಿಯಲ್ಲ. ಆದರೂ ಆ ‘ಓಕೆ’ಯನ್ನು ಓದಿದಾಗ ನನಗೆ ನನ್ನ ‘ಸರಿ, ಸರಿ’ ನೆನಪಾಗದೆ ಇರಲಿಲ್ಲ. ನಿಯಂತ್ರಕರ ಸೂಚನೆಯನ್ನು ಬರಿಯ ‘ಓಕೆ’ಯಿಂದ ಒಪ್ಪಿಕೊಳ್ಳದೆ, ಅದರ ಮುಖ್ಯ ಭಾಗವನ್ನು ಪೈಲಟ್ ತಿರುಗಿ ಹೇಳುವುದು ಇಂದು ಕಡ್ಡಾಯ.

ಅದನ್ನೇ ನಮ್ಮ ಪಾಳಿಗೂ ತಂದುಕೊಂಡೆವು. ಒಪ್ಪಿಸುವ ಜಾಗವನ್ನು ಕಂಪ್ರೆಸರ್ ಪಕ್ಕದಿಂದ ಪರೀಕ್ಷಣೆಯ ಮೇಜಿಗೆ ಬದಲಿಸಿದೆವು. ಒಪ್ಪಿಸುವವರು ಹೇಳಿ ಮುಗಿಸುವವರೆಗೆ ನಾನು ಪೆನ್ ಕೈಗೆತ್ತಿಕೊಳ್ಳುವುದಿಲ್ಲ. ಅವರು ಮುಗಿಸಿದ ಮೇಲೆ ಕೇಳಿದ್ದನ್ನು ಬಾಯಿಬಿಟ್ಟು ಹೇಳುತ್ತೇನೆ. ಅವರು ಹೌದೆಂದ ಮೇಲೆ ಬರೆಯುತ್ತೇನೆ. ರಿಜಿಸ್ಟರಿನಲ್ಲಿ ಅಂಕಿಗಳಿಗೆ ಮಾತ್ರ ಕಾಲಮ್ ಇದ್ದದ್ದೂ ಒಂದು ಕೊರತೆಯೇ ಆಗಿತ್ತು. ‘ಯಾವಾಗ, ಯಾವ ಸ್ಥಿತಿಯಲ್ಲಿ ಅಳೆದದ್ದು’ ಎಂಬ ಇನ್ನೊಂದು ಕಾಲಮ್ ಗೆರೆ ಹಾಕಿ ಸೇರಿಸಿದೆ. ಮೊದಲ ವಾರಗಳಲ್ಲಿ ಇದನ್ನು ಕೆಲವರು ತಮ್ಮ ಮೇಲಿನ ಅನುಮಾನವೆಂದು ತಿಳಿದರು. ತಿರುಗಿ ಹೇಳುವುದು ಅವರನ್ನು ಪರೀಕ್ಷಿಸಲು ಅಲ್ಲ, ನನ್ನ ಕಿವಿಯನ್ನು ಪರೀಕ್ಷಿಸಿಕೊಳ್ಳಲು ಎಂದು ಒಬ್ಬೊಬ್ಬರಿಗೂ ಹೇಳಬೇಕಾಯಿತು.

ಈಗ ಐ.ಟಿ.ಐ. ಮತ್ತು ಡಿಪ್ಲೊಮಾ ಮುಗಿಸಿ ಬರುವ ಹುಡುಗ ಹುಡುಗಿಯರನ್ನು ಸಂದರ್ಶಿಸುವ ಮೇಜಿನ ಈಚೆ ಬದಿಯಲ್ಲಿ ನಾನೂ ಕೂರುತ್ತೇನೆ. ಕಳೆದ ವರ್ಷ ಕೊಪ್ಪಳದ ಕಡೆಯ ಒಬ್ಬ ಹುಡುಗ ಪ್ರಶ್ನೆ ಕೇಳಿದ ಮೇಲೆ ಸುಮ್ಮನಾದ. ನನ್ನ ಜೊತೆಗಿದ್ದವರು ಮುಂದಿನ ಪ್ರಶ್ನೆಗೆ ಹೋಗಲು ಬಾಯಿ ತೆರೆದರು. ನಾನು ಕೈಸನ್ನೆ ಮಾಡಿ ತಡೆದೆ. ಸ್ವಲ್ಪ ಹೊತ್ತಿನ ನಂತರ ಅವನು, “ಕನ್ನಡದಾಗ ಹೇಳಬಹುದ್ರಿ ಮೇಡಂ?” ಎಂದು ಕೇಳಿ, ಅಂದು ಬಂದಿದ್ದ ಒಂಬತ್ತು ಮಂದಿಯಲ್ಲಿ ಅತ್ಯಂತ ಸ್ಪಷ್ಟವಾದ ಉತ್ತರವನ್ನು ಕೊಟ್ಟ. ಆ ಮೌನವನ್ನು ಅಜ್ಞಾನವೆಂದು ಓದಿಬಿಡುವುದು ಎಷ್ಟು ಸುಲಭವಾಗಿತ್ತೆಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅಭ್ಯರ್ಥಿ ಕೇಳಿಸಿಕೊಳ್ಳಬೇಕೆಂದು ಬಯಸುವವರು ತಾವೂ ಮೂರು ಸೆಕೆಂಡಿನಾಚೆಗೂ ಕಾಯಲು ಸಿದ್ಧರಿರಬೇಕಾಗುತ್ತದೆ.

ಗದಗದ ಆ ಆಪರೇಟರ್ ಇಂದಿಗೂ ನಮ್ಮಲ್ಲಿಯೇ ಇದ್ದಾರೆ. ಈಗ ಅವರು ಹೇಳಿ ಮುಗಿಸಿದ ಮೇಲೆ ನಾನು ತಿರುಗಿ ಹೇಳುವವರೆಗೆ ಕೈಕಟ್ಟಿ ನಿಂತು ಕಾಯುತ್ತಾರೆ. ಹೋದ ತಿಂಗಳು ಒಂದು ಬೆಳಗ್ಗೆ, “ಮೂರನೇ ಮಷಿನ್‌ನಲ್ಲಿ ಇನ್ಸರ್ಟ್ ಬದಲಿಸಿದ್ದೀರಿ, ಮೊದಲ ಐದು ಪೀಸ್ ಬೇರೆ ಇಟ್ಟಿದ್ದೀರಿ” ಎಂದೆ. ಇನ್ಸರ್ಟ್ ಎಂದರೆ ಲೋಹ ಕತ್ತರಿಸುವ, ಸವೆದಾಗ ಬದಲಿಸುವ ಮೊನೆ.

“ಅಲ್ರೀ ಅಕ್ಕಾರ,” ಎಂದರು ಅವರು, “ಬದಲಿ ಮಾಡೂ ಮುಂಚಿನ ಐದು ಪೀಸ್ ಬ್ಯಾರೆ ಇಟ್ಟೇನ್ರಿ. ಆಮ್ಯಾಲಿನವು ಎಲ್ಲಾ ಸರಿ ಅದಾವ.”

ನಾನು ಪೆನ್ ಇನ್ನೂ ಎತ್ತಿಕೊಂಡಿರಲಿಲ್ಲ. ಮತ್ತೊಮ್ಮೆ, ಈ ಸಲ ‘ಮುಂಚಿನ’ ಎಂದು ಸೇರಿಸಿ ಹೇಳಿದೆ. ಅವರು ಹೌದೆಂದರು, ನಾನು ಬರೆದುಕೊಂಡೆ, ಅವರು ಬುತ್ತಿ ಚೀಲ ಹೆಗಲಿಗೇರಿಸಿ ಮನೆಗೆ ಹೊರಟರು.